ಮಾತ್ರೆ ತಿಂದರೆ ವಾಂತಿ, ಬೇರೆ ದಾರಿ ಇದೆಯಾ?

ಪ್ರಶ್ನೆ: ನನಗೆ 34 ವರ್ಷ. ಬಿಳಿ ಜಾಸ್ತಿ ಹೋಗುತ್ತಿತ್ತು, ಮೀನಿನ ವಾಸನೆ ಬೇರೆ. ಬ್ಯಾಕ್ಟೀರಿಯಲ್ ವಜೈನೋಸಿಸ್ (ಯೋನಿಯಲ್ಲಿ ಕೆಲವು ಬ್ಯಾಕ್ಟೀರಿಯಾ ಅತಿಯಾಗುವ ತೊಂದರೆ) ಅಂತ 7 ದಿನಕ್ಕೆ ಮೆಟ್ರೊನಿಡಜೋಲ್ ಮಾತ್ರೆ ಕೊಟ್ಟರು. ಎರಡೇ ದಿನಕ್ಕೆ ವಾಂತಿ, ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ. ನಿಲ್ಲಿಸಿಬಿಟ್ಟೆ. ತಪ್ಪಾಯ್ತಾ ಮೇಡಂ?
— ಓದುಗಿ, ಹಾವೇರಿ

ಉತ್ತರ: ಡಾಕ್ಟರಿಗೆ ಹೇಳದೆ ನಿಲ್ಲಿಸಿದ್ದಷ್ಟೇ ತಪ್ಪು. ಆ ಕಬ್ಬಿಣದ ರುಚಿ ಈ ಮಾತ್ರೆಯ ಹಳೇ ಚಾಳಿ. ಬದಲಿಗೆ 2% ಕ್ಲಿಂಡಮೈಸಿನ್ ಕ್ರೀಮ್ ಬರೆಸಿಕೊಳ್ಳಬಹುದು. ರಾತ್ರಿ ಮಲಗುವಾಗ ಯೋನಿಯೊಳಗೆ ಹಾಕಬೇಕು, 7 ದಿನ. ಹೊಟ್ಟೆಗೆ ಹೋಗುವುದಿಲ್ಲವಲ್ಲ, ವಾಂತಿಯ ಕಾಟ ಕಡಿಮೆ. ಆದರೆ ಅದರಲ್ಲಿರುವ ಎಣ್ಣೆ ಕಾಂಡೋಮನ್ನು ದುರ್ಬಲ ಮಾಡುತ್ತದೆ. ಕ್ರೀಮ್ ಮುಗಿದ ಮೇಲೂ 5 ದಿನ ಕಾಂಡೋಮ್ ನೆಚ್ಚಬೇಡಿ. ಮನೆಯಲ್ಲಿ ಉಳಿದಿರೋ ಫ್ಲುಕೊನಜೋಲ್ ಸುಮ್ನೆ ನುಂಗಬೇಡಿ. ಅದು ತುರಿಕೆಯ, ಮೊಸರಿನಂತೆ ಹೋಗುವ ಫಂಗಸ್‌ಗೆ. ಬಸುರಿಯಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.