ಕಣ್ಣು ಇರುವುದು ಚೀಟಿ ಮೇಲೆ

ನಮಸ್ಕಾರ. ದಲಾಲಿ ಅಂಗಡಿಗಳಿಗೆ ಎಂಟ್ರಿ ಸಾಫ್ಟ್‌ವೇರ್ ಹೇಗಿರಬೇಕು ಅಂತ ನೀವು ಕಳಿಸಿದ ಲೇಖನ ಓದಿದೆ. ಬರವಣಿಗೆ ಚೆನ್ನಾಗಿದೆ. ಇಂಥ ವಿಷಯ ಕನ್ನಡದಲ್ಲಿ ಬರೆಯುವವರೂ ಕಡಿಮೆ. ಆದರೆ ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ನನಗೆ ತಲೆ ಕೆಟ್ಟಿತು.

"ಮಾಹಿತಿಯನ್ನು ಹಂತ ಹಂತವಾಗಿ ಪಡೆದರೆ ಬಳಕೆದಾರರಿಗೆ ಗೊಂದಲವಾಗುವುದಿಲ್ಲ" ಅಂದಿದ್ದೀರಿ. ಯಾವ ಬಳಕೆದಾರರು? ಎಲ್ಲೋ ವರ್ಷಕ್ಕೊಮ್ಮೆ ಪ್ರಿಂಟರ್ ಜೋಡಿಸುವವರಿಗೆ ಸರಿ. ಮೈಕ್ರೋಸಾಫ್ಟ್ 1991ರಲ್ಲಿ ಪುಟ ವಿನ್ಯಾಸದ ಸಾಫ್ಟ್‌ವೇರ್ ಪಬ್ಲಿಷರ್ ಜೊತೆ ವಿಝಾರ್ಡ್, ಅಂದರೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹಂತ ಹಂತವಾಗಿ ಕೆಲಸ ಮಾಡಿಸುವ ಪರದೆಗಳನ್ನು ಕೊಟ್ಟಿದ್ದು ಪುಟ ಕಟ್ಟಲು ಬಾರದವರಿಗೆ. ಹೊಸ ರೈತರ ಬ್ಯಾಂಕ್ ವಿವರ ಸೇರಿಸುವಾಗಲೂ ಹಂತಗಳಿರಲಿ, ಬೇಡ ಅನ್ನಲ್ಲ. ಆದರೆ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಸುಗ್ಗಿ ಹೊತ್ತಿಗೆ ಒಂದರ ಹಿಂದೆ ಒಂದು ವ್ಯಾಪಾರದ ಚೀಟಿ ನೋಡಿ ಕಂಪ್ಯೂಟರಿಗೆ ಹೊಡೆಯುವ ಗುಮಾಸ್ತರಿಗೆ ಯಾವ ಗೊಂದಲ? ಅವರಿಗೆ ಬರುವುದು ಸಿಟ್ಟು.

ಮುಂದಿನ ಸಾಲು: "ಮೊದಲ ಪುಟದಲ್ಲಿ ರೈತರ ವಿವರ, ಎರಡರಲ್ಲಿ ಖರೀದಿದಾರರು, ಮೂರರಲ್ಲಿ ತೂಕ, ನಾಲ್ಕರಲ್ಲಿ ದರ." ಇದು ಚೀಟಿಯ ಕ್ರಮವೇ? ಚೀಟಿ ನೋಡಿ ಬರೆದಂತಿಲ್ಲ. ರೈತರ ಹೆಸರು, ಚೀಲ, ತೂಕ ಒಂದೇ ಕಡೆ ಬರೆದಿದ್ದರೆ ಮಧ್ಯೆ ಖರೀದಿದಾರರನ್ನು ಯಾಕೆ ತರಬೇಕು?

ಪತ್ರಿಕೆಗೆ ಬರುವ ಮೊದಲು ನಾನೂ ಒಂದು ದಲಾಲಿ ಅಂಗಡಿಯಲ್ಲಿ ಎಂಟ್ರಿ ಮಾಡುತ್ತಿದ್ದೆ. ಫಾಕ್ಸ್‌ಪ್ರೋ ಅನ್ನೋ ಹಳೇ ಡೇಟಾಬೇಸ್ ಸಾಫ್ಟ್‌ವೇರ್ ಕಾಲ, ಮೌಸ್ ಮುಟ್ಟುವ ಮಾತೇ ಇಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಎಡಗೈ ಬೆರಳನ್ನು ಚೀಟಿಯ ಸಾಲಿನ ಮೇಲೆ ಇಟ್ಟಿರುತ್ತಿದ್ದರು. ಬಲಗೈಯಲ್ಲಿ ಅಂಕಿ, ಎಂಟರ್, ಅಂಕಿ, ಎಂಟರ್. ಪರದೆ ಕಡೆ ನೋಡುತ್ತಲೇ ಇರಲಿಲ್ಲ. ಬೀಪ್ ಅಂದರೆ ಮಾತ್ರ ಕತ್ತೆತ್ತುತ್ತಿದ್ದರು. ನಾನು ಪ್ರತಿ ಅಂಕಿಗೂ ಪರದೆ ನೋಡಿದರೆ "ಅಲ್ಲೇನು ಸಿನಿಮಾ ನಡೀತೈತೇನೋ?" ಅಂತ ಬೈಸಿಕೊಳ್ಳುತ್ತಿದ್ದೆ.

ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಕಲಿತವರ ಕೈ ಇವತ್ತಿಗೂ ಎಂಟರ್‌ಗೇ ಹೋಗುತ್ತದೆ, ಅಲ್ವಾ? ವಿಂಡೋಸ್ ಫಾರ್ಮ್ ಹಾಗಲ್ಲ. ಅಲ್ಲಿ ಮುಂದಿನ ಖಾನೆಗೆ ಒಯ್ಯುವುದು ಟ್ಯಾಬ್. ಎಂಟರ್ ಒತ್ತಿದರೆ ಡಿಫಾಲ್ಟ್ ಬಟನ್, ಅಂದರೆ ಆ ಪುಟಕ್ಕೆ ಮೊದಲೇ ಗೊತ್ತು ಮಾಡಿಟ್ಟ ಮುಖ್ಯ ಬಟನ್ ಒತ್ತಿದ ಹಾಗೆ. ಲೇಖನದ ಜೊತೆ ನೀವು ಕೊಟ್ಟ ಪರದೆಯ ಚಿತ್ರದಲ್ಲಿ ಆ ಬಟನ್ 'ಮುಂದೆ'. ಹೆಸರು ಹೊಡೆದು ಅಭ್ಯಾಸಬಲದಿಂದ ಎಂಟರ್ ಒತ್ತಿದರೆ ಊರು, ಫೋನ್ ಎಲ್ಲ ಖಾಲಿ ಇರುವಾಗಲೇ ಪುಟ ಮಗುಚುತ್ತದೆ. ಇದರ ಬಗ್ಗೆ ಲೇಖನದಲ್ಲಿ ಒಂದಕ್ಷರ ಇಲ್ಲ.

"ತಪ್ಪಾದರೆ ಹಿಂದಿನ ಪುಟಕ್ಕೆ ಹೋಗಬಹುದು" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹೋದಾಗ ಮೂರನೇ ಪುಟದ ತೂಕ ಉಳಿಯುತ್ತದೋ, ಅಳಿಸಿ ಹೋಗುತ್ತದೋ? ಖರೀದಿದಾರರನ್ನು ಬದಲಿಸಿದರೆ ಮೊದಲೇ ಹೊಡೆದ ದರದ ಗತಿ ಏನು? ನಡುವೆ ಕರೆಂಟ್ ಹೋದರೆ? ಬರೆಯಬೇಕಾದ್ದು ಇದನ್ನೇ ಕಣ್ರೀ.

ಬಣ್ಣ, ಐಕಾನ್ ಬಗ್ಗೆ ಬರೆದದ್ದು ಹಾಗೇ ಇರಲಿ, ನನ್ನ ತಕರಾರಿಲ್ಲ. ಯಾರ್ಡಿಗೆ ಹೋಗಿ ಯಾರಾದರೂ ಗುಮಾಸ್ತರ ಪಕ್ಕ ಕೂತು ನೋಡಿ, ಮೂರನೇ ಪ್ಯಾರಾದಿಂದ ಮತ್ತೆ ಬರೆದು ಕಳಿಸಿ. ಬೆಳಿಗ್ಗೆ ಸುಮ್ನೆ ಹೋಗಬೇಡಿ. ವ್ಯಾಪಾರ ಮುಗಿದು ಚೀಟಿ ರಾಶಿ ಬೀಳುವ ಹೊತ್ತಿಗೆ ಹೋಗಿ.