ರಮೋನ್ಸ್ ಹಾಡಿಗೆ ಬಲಗೈ ಮರಗಟ್ಟೋದು

ಅಮೆರಿಕದ ಪಂಕ್ ರಾಕ್ ಬ್ಯಾಂಡ್ ರಮೋನ್ಸ್ ಹಾಡುಗಳ ಜೊತೆ ಡ್ರಮ್ಸ್ ನುಡಿಸಿದರೆ ಮೂರನೇ ಹಾಡಿಗೇ ಬಲಗೈ ಮರಗಟ್ಟುತ್ತೆ ಅಂದಿರಲ್ಲ, ಬಹುಶಃ ಶಕ್ತಿ ಸಾಲದೆ ಅಲ್ಲ. ಕೋಲನ್ನು ಬಿಗಿಯಾಗಿ ಹಿಡಿದು, ಹೈ-ಹ್ಯಾಟ್ (ಪೆಡಲ್ ಇರುವ ಜೋಡಿ ತಾಳ) ಮೇಲೆ ನಾಲ್ಕೆಣಿಕೆಯ ಒಂದು ಸುತ್ತಿನ ಎಂಟೂ ಪೆಟ್ಟನ್ನು ಒಂದೇ ಜೋರಲ್ಲಿ ಹೊಡೀತಿದ್ದೀರಿ. ನನಗೂ ಹೀಗೇ ಆಗಿತ್ತು.

ಮೊದಲು, ಅವರ ಲೈವ್ ಆಲ್ಬಮ್ ‘ಇಟ್ಸ್ ಅಲೈವ್’ ಜೊತೆ ನುಡಿಸೋದು ನಿಲ್ಲಿಸಿ. ಅದು 1977ರ ಡಿಸೆಂಬರ್ 31ರಂದು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿದ್ದು. ಒಂದು ಗಂಟೆಯೊಳಗೆ 28 ಹಾಡು! 1976ರ ಮೊದಲ ಆಲ್ಬಮ್ ಹಾಕ್ಕೊಳ್ಳಿ, ವೇಗ ಕಡಿಮೆ.

ಆಮೇಲೆ ಮೆಟ್ರೊನೋಮ್ (ಲಯ ಎಣಿಸುವ ಸಾಧನ) ನಿಮಿಷಕ್ಕೆ 140 ಎಣಿಕೆಗೆ ಇಟ್ಟು ಬರೀ ಹೈ-ಹ್ಯಾಟ್ ನುಡಿಸಿ. ಎಣಿಕೆಯ ಮೇಲೆ ಕೈ ಇಳಿಯುವಾಗ ಜೋರು ಪೆಟ್ಟು, ನಡುವಿನದಕ್ಕೆ ಕೈ ಏಳುವಾಗ ಕೋಲಿನ ತುದಿ ತಾಗಿದರೆ ಸಾಕು. ಒಂದು ಚಲನೆ, ಎರಡು ಪೆಟ್ಟು. ಐದು ನಿಮಿಷ ಭುಜ ಏಳದೆ ನುಡಿಸಿದರೆ ಮಾತ್ರ 145. ಕಾಲಲ್ಲಿ ಹೊಡೆಯೋ ಬೇಸ್ ಡ್ರಮ್ ಮತ್ತು ಮುಂದಿರೋ ಸ್ನೇರ್ ಡ್ರಮ್ ಕೊನೆಗೆ ಸೇರಿಸಿ. ಸ್ಟೂಲಿನ ಎತ್ತರವೂ ಕಾರಣ ಇರಬಹುದು, ನೋಡದೆ ಹೇಳಲಾರೆ.

ರಮೋನ್ಸ್ ಡ್ರಮ್ಮರ್‌ಗಳಲ್ಲಿ ಯಾರನ್ನು ನೋಡಿ ಕಲಿಯೋದು, ಟಾಮಿಯೋ ಮಾರ್ಕಿಯೋ ಅಂದರೆ, ಸದ್ಯಕ್ಕೆ ಟಾಮಿ. ಬುಡಾಪೆಸ್ಟಿನಲ್ಲಿ ಹುಟ್ಟಿದ ಆತ ಬ್ಯಾಂಡಿನ ಮ್ಯಾನೇಜರ್ ಆಗಿದ್ದವನು. ಪರೀಕ್ಷೆಗೆ ಬಂದ ಡ್ರಮ್ಮರ್‌ಗಳ್ಯಾರೂ ಬೇಕಾದಷ್ಟು ಸರಳವಾಗಿ ನುಡಿಸಲಿಲ್ಲ ಅಂತ 1974ರಲ್ಲಿ ತಾನೇ ಕೂತ. ಹಾಗಾಗಿ ಅವನ ನುಡಿಸಾಣಿಕೆಯಲ್ಲಿ ಕಸರತ್ತಿಲ್ಲ, ಕಲಿಯೋರಿಗೆ ಅದೇ ಅನುಕೂಲ. 1978ರಲ್ಲಿ ಅವನು ಬಿಟ್ಟ ಮೇಲೆ ಬಂದ ಮಾರ್ಕಿ ಆಗಲೇ ಪಳಗಿದ ಕೈ. ಅವನು ನುಡಿಸಿದ ಹಾಡುಗಳಿಗೆ ಆರು ತಿಂಗಳು ಬಿಟ್ಟು ಕೈ ಹಾಕಿ.

ಬೆರಳು ಜೋಮು ಹಿಡಿದರೆ ಅಥವಾ ಮೊಣಕೈ ನೋವು ಮರುದಿನವೂ ಉಳಿದರೆ ಅಭ್ಯಾಸ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.