ಚಿತ್ತಾರಕ್ಕೆ ಶ್ರೇಣಿ ಕೊಡುವುದು ಯಾವಾಗ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಏಳನೆಯ ತರಗತಿಯ ಮಕ್ಕಳಿಗೆ ಹಸೆ ಚಿತ್ತಾರ, ಅಂದರೆ ನಮ್ಮ ಕಡೆಯ ಮನೆಗಳ ಗೋಡೆಯ ಮೇಲೆ ಬರೆಯುವ ಸಾಂಪ್ರದಾಯಿಕ ಗೆರೆಚಿತ್ರ, ಕಲಿಸುತ್ತೇನೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಶ್ರೇಣಿ ಬರೆಯುತ್ತೇನೆ. ಕಳೆದ ತಿಂಗಳು ‘ಬಿ’ ಶ್ರೇಣಿ ಪಡೆದ ಹುಡುಗನೊಬ್ಬ, “ಎಲ್ಲಿ ತಪ್ಪಾಗಿದೆ ಟೀಚರ್? ಅವತ್ತು ನೋಡಿ ಚೆನ್ನಾಗಿದೆ ಅಂದಿದ್ರಲ್ಲ” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಕೈಕೆಲಸವನ್ನು ನ್ಯಾಯವಾಗಿ ಅಳೆಯುವುದು ಹೇಗೆ?

ಉತ್ತರ: ನೀವು ಅಂದು ಬೆಂಚಿನ ಪಕ್ಕದಲ್ಲಿ ನಿಂತು ‘ಚೆನ್ನಾಗಿದೆ’ ಎಂದಾಗಲೇ ಆ ಹುಡುಗನ ಪಾಲಿಗೆ ಮೌಲ್ಯಮಾಪನ ಮುಗಿದಿತ್ತು. ನೀವು ಅದನ್ನು ಹುರಿದುಂಬಿಸುವ ಮಾತೆಂದುಕೊಂಡಿರಿ, ಅವನು ತೀರ್ಪೆಂದುಕೊಂಡ. ಕೈಕೆಲಸದ ತರಗತಿಯಲ್ಲಿ ಶಿಕ್ಷಕರು ಹತ್ತಿರ ಬಂದು ನಿಲ್ಲುವುದು, ಒಂದು ಎಳೆಯ ಮೇಲೆ ಬೆರಳಿಡುವುದು, ಏನೂ ಹೇಳದೆ ಮುಂದಿನ ಬೆಂಚಿಗೆ ಹೋಗುವುದು, ಇವೆಲ್ಲವನ್ನೂ ಮಕ್ಕಳು ಅಳತೆಯೆಂದೇ ಓದಿಕೊಳ್ಳುತ್ತಾರೆ. ಆದ್ದರಿಂದ ಅಳೆಯುವ ಕೆಲಸ ಬಹುಪಾಲು ಅಲ್ಲಿಯೇ, ವಸ್ತುವನ್ನು ಇನ್ನೂ ತಿದ್ದಲು ಬರುವಾಗಲೇ, ಇಬ್ಬರ ಮಾತಿನಲ್ಲಿ ನಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಚಿತ್ತಾರವನ್ನೇ ನೋಡಿ. ಕೆಮ್ಮಣ್ಣು ಬಳಿದ ರಟ್ಟಿನ ಮೇಲೆ ಪುಂಡಿ ನಾರಿನ ಕುಂಚದಿಂದ ಎಳೆದ ಅಕ್ಕಿ ಹಿಟ್ಟಿನ ಗೆರೆ ಹಸಿಯಿದ್ದಾಗ ಮಂಕಾಗಿ ಕಾಣುತ್ತದೆ, ಒಣಗಿದ ಮೇಲಷ್ಟೇ ಬೆಳ್ಳಗೆ ಎದ್ದು ಬರುತ್ತದೆ. ಗೆರೆ ಕಾಣುತ್ತಿಲ್ಲವೆಂದು ಹೆದರಿದ ಮಗು ಅದರ ಮೇಲೆಯೇ ಮತ್ತೊಮ್ಮೆ ಎಳೆದರೆ ಎಳೆ ದಪ್ಪವಾಗುತ್ತದೆ. ಒಣಗಿದ ಕೆಲಸವನ್ನು ಮಾತ್ರ ನೋಡಿದವರಿಗೆ ಅದು ಕೈ ನಡುಗಿದ ದೋಷವೆನ್ನಿಸಬಹುದು. ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಅದು ಕಾಯಲು ಇನ್ನೂ ಕಲಿಯದ ದೋಷವೆಂದು ತಿಳಿಯುತ್ತದೆ. ಈ ಎರಡಕ್ಕೂ ಪರಿಹಾರ ಬೇರೆ ಬೇರೆ. ‘ಬಿ’ ಎಂಬ ಅಕ್ಷರ ಎರಡನ್ನೂ ಒಂದೇ ಮಾಡಿಬಿಡುತ್ತದೆ.

ಮಗು “ಇಷ್ಟು ಸಾಕಾ ಟೀಚರ್?” ಎಂದು ತಂದು ತೋರಿಸಿದಾಗ ಹೌದು, ಅಲ್ಲ ಎಂದು ಹೇಳಿಬಿಡಬೇಡಿ. “ಈ ಎರಡು ಗೆರೆಗಳ ನಡುವಿನ ಜಾಗ ಮೇಲೆ ಎಷ್ಟಿದೆ, ಕೆಳಗೆ ಎಷ್ಟಿದೆ, ನೀನೇ ನೋಡು” ಎಂದು ಕೇಳಿ. ನೋಡುವ ಕಣ್ಣು ಅವನದಾಗಲಿ. ಕುಂಚವನ್ನು ಅವನ ಕೈಯಿಂದ ತೆಗೆದುಕೊಂಡು ನೀವೇ ತಿದ್ದಿದರೆ ಚಿತ್ತಾರ ಸುಂದರವಾದೀತು, ಆದರೆ ಆಮೇಲೆ ನೀವು ಶ್ರೇಣಿ ಕೊಡುವುದು ಯಾರ ಕೈಗೆ? ತೋರಿಸಲೇಬೇಕಾದರೆ ಬೇರೊಂದು ತುಂಡು ರಟ್ಟಿನ ಮೇಲೆ ಎಳೆದು ತೋರಿಸಿ. ನಿಮ್ಮ ಊರಿನ ಗುಡಿಗಾರರ ಗಂಧದ ಕೆತ್ತನೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಉಳಿ ಒಮ್ಮೆ ಇಳಿದರೆ ಹೋದ ಚೂರು ಮರಳಿ ಬರುವುದಿಲ್ಲವಾದ್ದರಿಂದ ಅಲ್ಲಿ ಮಾತು ಪೆಟ್ಟಿಗಿಂತ ಮೊದಲೇ ಆಗಬೇಕು.

ಇದು ಹೊಸ ಚಿಂತೆಯಲ್ಲ. ಫಿನ್ಲೆಂಡ್ 1866ರಲ್ಲಿಯೇ ಕೈಕೆಲಸವನ್ನು ಜನಶಾಲೆಗಳ ಕಡ್ಡಾಯ ವಿಷಯವಾಗಿಸಿತು. ಸ್ವೀಡನ್ನಿನ ಶಿಕ್ಷಣತಜ್ಞ ಓಟೋ ಸಾಲೊಮನ್ ಅವರು ಮರಗೆಲಸ ಕಲಿಸುವಾಗ ತಯಾರಾದ ವಸ್ತುವಿಗಿಂತ ತಯಾರಿಸುವ ಮಗುವೇ ಮುಖ್ಯವೆಂದು ಪಟ್ಟು ಹಿಡಿದರು. 1937ರ ವಾರ್ಧಾ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕಸುಬನ್ನೇ ಕಲಿಕೆಯ ನಡುವಿಗೆ ತಂದರು.

ಶ್ರೇಣಿ ಬರೆಯದೆ ನಿಮಗೆ ಗತಿಯಿಲ್ಲ, ನಿಜ. ಬರೆಯುವ ಮೊದಲು ಹುಡುಗನನ್ನು ಕೂರಿಸಿಕೊಂಡು ಅವನ ಮೊದಲ ವಾರದ ರಟ್ಟನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟು, ಯಾವ ಎಳೆ ತನಗೆ ಒಪ್ಪಿಗೆಯಾಗಿದೆ, ಅವಕಾಶ ಸಿಕ್ಕರೆ ಯಾವುದನ್ನು ಹೊಸದಾಗಿ ಎಳೆಯುತ್ತಾನೆ ಎಂದು ಅವನಿಂದಲೇ ಹೇಳಿಸಿ. ಅವನು ಬಳಸಿದ ಮಾತುಗಳನ್ನೇ ಶ್ರೇಣಿಯ ಕೆಳಗೆ ಎರಡು ಸಾಲಾಗಿ ಬರೆಯಿರಿ. ಮನೆಯಲ್ಲಿ ಚಿತ್ತಾರ ಬರೆಯುವ ಅಜ್ಜಿಯಿದ್ದರೆ ಒಂದು ದಿನ ಶಾಲೆಗೆ ಕರೆಸಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯವರಿಗೆ ಸ್ಥಳೀಯ ಕಸುಬುದಾರರೊಡನೆ ಕಲಿಯಲು ಪುಸ್ತಕದ ಚೀಲವಿಲ್ಲದ ಹತ್ತು ದಿನಗಳ ಅವಧಿಯನ್ನು ಸೂಚಿಸಿದೆ. ಅಜ್ಜಿಯ ಅಭಿಪ್ರಾಯ ನಿಮ್ಮದಕ್ಕಿಂತ ಬೇರೆಯಾದರೆ ಅದನ್ನು ಮಕ್ಕಳ ಮುಂದೆಯೇ ಮಾತಾಡಿ, ಮುಚ್ಚಿಡಬೇಡಿ.

‘ಬಿ’ ಪಡೆದ ಆ ಹುಡುಗನನ್ನು ಈ ವಾರವೇ ಕರೆಯಿರಿ. ಅವನ ಚಿತ್ತಾರವನ್ನು ನಡುವೆ ಇಟ್ಟುಕೊಂಡು, ನೀವು ಏನು ನೋಡಿ ‘ಚೆನ್ನಾಗಿದೆ’ ಎಂದಿರಿ ಎಂಬುದನ್ನು ಬೆರಳಿಟ್ಟು ತೋರಿಸಿ.